ಹೆಪ್ಪುಗಟ್ಟದ ನೀರು

ಇವತ್ತು ಬೆಳಿಗ್ಗೆ ಮೊಸರಿನ ಪಾತ್ರೆಯ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು. ಪಾತ್ರೆ ಓರೆ ಮಾಡಿದೆ. ಈ ಬದಿಯಿಂದ ಆ ಬದಿಗೆ ತಣ್ಣಗೆ ಹರಿಯಿತು. ಮುಂಬಯಿಯ ನಮ್ಮ ಮುಲುಂಡಿಗೆ ವರ್ಷಕ್ಕೊಮ್ಮೆ ಚಳಿ ಎಂಬ ಹೆಸರಿನದೊಂದು ಬಂದು ಹೋಗುತ್ತದೆ. ಸ್ವೆಟರ್ ಹಾಕಿಕೊಳ್ಳುವಷ್ಟೇನೂ ಅಲ್ಲ, ಆದರೆ ಮೊಸರು ಮುನಿಸಿಕೊಳ್ಳಲು ಅಷ್ಟೇ ಸಾಕು.

ಸೊಸೆ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. "ಅಮ್ಮ, ದಹೀ ಆಗ್ಲೇ ಇಲ್ಲ. ಹೆಪ್ಪು ನಾನು ಬರಾಬರ್ ಹಾಕಿದ್ದೆ" ಎಂದಳು. ಇಲ್ಲೇ ಹುಟ್ಟಿ ಬೆಳೆದವಳು. ಅವಳ ಒಂದು ವಾಕ್ಯದಲ್ಲಿ ಮೂರು ಭಾಷೆ ಇರುತ್ತವೆ. ಮನಸ್ಸು ಮಾತ್ರ ಒಂದೇ. ನಾನು ಏನಾದರೂ ಅಂದೇನೆಂದು ಕಾಯುತ್ತಿದ್ದಳು. ಪಾಪ, ಅವಳ ತಪ್ಪಲ್ಲ, ಮೊಸರಿನ ವಿಷಯದಲ್ಲಿ ನನ್ನ ನಾಲಿಗೆ ಸ್ವಲ್ಪ ಉದ್ದವೇ. ಆದರೆ ಇವತ್ತು ಆ ಹರಿಯುವ ಹಾಲನ್ನು ನೋಡುತ್ತಿದ್ದಂತೆ ಕೈಗಳು ತಾವಾಗಿ ಮುಗಿದುಕೊಂಡವು. ಹಾಳಾದ ಮೊಸರಿಗೆ ಕೈಮುಗಿಯುವ ಮುದುಕಿಯನ್ನು ನೋಡಿ ಅವಳು ಹೆದರಿದಳೋ ಏನೋ. ನೀವೂ ಹಾಗೆಯೇ ತಿಳಿಯುವ ಮೊದಲು ಸಂಗತಿ ಹೇಳಿಬಿಡುತ್ತೇನೆ.

ಐವತ್ತರ ದಶಕದ ಮಾತು. ಉಡುಪಿಯಿಂದ ಮದುವೆಯಾಗಿ ಬಂದು ದಾದರಿನಲ್ಲಿ ಸಾಲು ಕೋಣೆಗಳ ಒಂದು ಚಾಳಿನಲ್ಲಿ ಸಂಸಾರ ಹೂಡಿದ್ದೆ. ನಮ್ಮ ಯಜಮಾನರು ಹತ್ತಿರದ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಒಂದು ಕೋಣೆ, ಅದರ ಮೂಲೆಯೇ ಅಡುಗೆಮನೆ, ಗೋಡೆಯ ಗೂಡೇ ದೇವರ ಕೋಣೆ. ಅದರಲ್ಲಿ ನಾವಿಬ್ಬರು, ಆಗಷ್ಟೇ ಹೆಜ್ಜೆ ಹಾಕಲು ಕಲಿತ ಮಗ, ಊರಿನಿಂದ ಕೆಲಸ ಹುಡುಕಿ ಬಂದ ಯಾರಾದರೊಬ್ಬ ನೆಂಟ, ಮತ್ತೆ ಅತ್ತೆ.

ಅತ್ತೆಯೆಂದರೆ ಮೊಸರು. ಅವರು ಮಂಗಳೂರಿನಿಂದ ಹಡಗಿನಲ್ಲಿ ಬರುವಾಗ ಮೊಸರಿನಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ತುಂಡೊಂದನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದಿದ್ದರಂತೆ. ಮುಂಬಯಿಗೆ ಕಾಲಿಟ್ಟ ದಿನವೇ ಅದನ್ನು ಉಗುರುಬೆಚ್ಚಗಿನ ಹಾಲಿಗೆ ಹಾಕಿ ಹೆಪ್ಪು ಎಬ್ಬಿಸಿದವರು, ಅಲ್ಲಿಂದ ಒಂದು ದಿನವೂ ಅದನ್ನು ಬಿಟ್ಟದ್ದಿಲ್ಲ. ಇವತ್ತಿನ ಮೊಸರಿನಿಂದ ಒಂದು ಚಮಚ ನಾಳೆಗೆ, ನಾಳೆಯದರಿಂದ ನಾಡಿದ್ದಿಗೆ. ನಮ್ಮ ಮಹಡಿಯ ಎಷ್ಟೋ ಮನೆಗಳ ಮೊಸರು ಇದೇ ವಂಶದ್ದು. ಹೆಪ್ಪು ಕೇಳಿದರೆ ಹಗಲಿನಲ್ಲಿ ಕೊಡುತ್ತಿದ್ದರು, ದೀಪ ಹಚ್ಚಿದ ಮೇಲೆ ಇಲ್ಲ. ತಾವು ಮಾತ್ರ ಯಾರ ಮನೆಯದನ್ನೂ ತರುತ್ತಿರಲಿಲ್ಲ, ಮಡಿಯ ಹೆಂಗಸು. ಪಕ್ಕದ ಮನೆಯ ಸುಶೀಲಾಬಾಯಿ ಮರಾಠಿಯವಳು, ಬಂಗಾರದಂಥ ಹೆಂಗಸು, ಆದರೂ ಅವಳು ಕೊಟ್ಟ ಕೋಕಂ ಹುಳಿಯ ಮೇಲೂ ನೀರು ಪ್ರೋಕ್ಷಿಸಿಯೇ ಒಳಗೆ ತರುವವರು. ರಾತ್ರಿ ಹೆಪ್ಪು ಹಾಕಿ ಮುಚ್ಚಿಟ್ಟ ಪಾತ್ರೆಯ ಹತ್ತಿರ ನಾವು ಉಸಿರಾಡಲೂ ಹೆದರುತ್ತಿದ್ದೆವು. ಅಲುಗಿಸಬಾರದು, ಇಣುಕಬಾರದು. "ಬಸುರಿಯನ್ನೂ ಹೆಪ್ಪು ಹಾಕಿದ ಹಾಲನ್ನೂ ಕೆಣಕಬಾರದು" ಎನ್ನುತ್ತಿದ್ದರು.

ನನ್ನ ಕಾಯಿಲೆಯನ್ನು ಮೊದಲು ಕಂಡುಹಿಡಿದವರೂ ಅವರೇ, ಬೈಯುವ ನೆಪದಲ್ಲಿ. ಎರಡು ಮೂರು ದಿನದಿಂದ ಜ್ವರ, ತಲೆ ಒಡೆದು ಹೋಗುವ ಹಾಗೆ ನೋವು, ಬೆಳಕು ನೋಡಿದರೆ ವಾಂತಿ. ಆದರೂ ಮಿಂದು ದೇವರಿಗೆ ನಮಸ್ಕಾರ ಮಾಡಲು ಹೋದೆ. ಮಂಡಿ ಊರಿದೆ, ಆದರೆ ತಲೆ ಬಗ್ಗಲೊಲ್ಲದು.

"ಎಂಥ ಹೆಣ್ಣೇ ಅದು, ದೇವರಿಗೆ ನಮಸ್ಕಾರ ಮಾಡುವುದು ಹಾಗಾ? ತಲೆ ಬಗ್ಗಿಸಿದರೆ ಕಿರೀಟ ಬೀಳ್ತದಾ?"

"ಬಗ್ಗುವುದಿಲ್ಲ ಅತ್ತೆ. ಕುತ್ತಿಗೆಗೆ ಒನಕೆ ಕಟ್ಟಿದ ಹಾಗೆ ಆಗ್ತದೆ."

ಅವರು ನನ್ನ ತಲೆಯ ಹಿಂದೆ ಕೈಯಿಟ್ಟು ಮೆಲ್ಲನೆ ಮುಂದಕ್ಕೆ ತಳ್ಳಿ ನೋಡಿದರು. ಗದ್ದ ಎದೆಗೆ ತಾಗಲಿಲ್ಲ. ನಾನು ಕೂಗಿಕೊಂಡೆ. ಅವರು ಕೂಡಲೇ ಹೋಟೆಲಿಗೆ, ಯಜಮಾನರಿಗೆ, ಹೇಳಿ ಕಳುಹಿಸಿದರು. ಯಾಕೆಂದರೆ ಹಿಂದಿನ ಮಳೆಗಾಲದಲ್ಲಿ ಕೆಳಮಹಡಿಯ ಒಬ್ಬ ಹುಡುಗಿ ಹೀಗೆಯೇ ತಲೆನೋವೆಂದು ಮಲಗಿದವಳು, ಕುತ್ತಿಗೆ ಸೆಟೆದು, ಎದ್ದಿರಲಿಲ್ಲ. ಮಿದುಳಿಗೆ ಏರಿದ ಟಿಬಿ ಎಂದಿದ್ದರು. ಚಾಳಿನಲ್ಲಿ ಆ ಮಾತನ್ನು ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ.

ನಮ್ಮ ಡಾಕ್ಟರು ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಹೊರಡುವಾಗ ಮಗನನ್ನು ಸುಶೀಲಾಬಾಯಿಯ ಸೊಂಟಕ್ಕೆ ಕೊಟ್ಟೆ. ಅವನು ನನ್ನ ಬಳೆ ಹಿಡಿದುಕೊಂಡು ಬಿಡಲಿಲ್ಲ. ಅದು ಟಿಬಿಯೇ ಆದರೆ ತಿಂಗಳುಗಟ್ಟಲೆ ಸೂಜಿ, ಬದುಕಿದರೂ ಮಗುವನ್ನು ಹತ್ತಿರ ಕರೆಯುವ ಹಾಗಿಲ್ಲ. ಟ್ಯಾಕ್ಸಿಯಲ್ಲಿ ಯಜಮಾನರಿಗೂ ಅತ್ತೆಗೂ ನಡುವೆ ಆ ಬಳೆಯನ್ನೇ ತಿರುಗಿಸುತ್ತ ಕೂತಿದ್ದೆ.

ದೇವರು ಮಾಡಿದ ಮೊದಲ ಉಪಕಾರ, ಆ ವಾರ್ಡಿನ ಎಳೆಯ ಡಾಕ್ಟರು ಧಾರವಾಡದವರು. ಅಷ್ಟು ದೊಡ್ಡ ಊರಿನಲ್ಲಿ, ಅಂಥ ಹೊತ್ತಿನಲ್ಲಿ, ಕನ್ನಡ ಕಿವಿಗೆ ಬಿದ್ದದ್ದೇ ಅರ್ಧ ಔಷಧಿ.

"ಮಿದುಳಿನ ಸುತ್ತ, ಬೆನ್ನುಹುರಿ ಸುತ್ತ ಒಂದು ನೀರು ಇರ್ತದರಿ. ಒಳಗ ಏನು ನಡದದ ಅನ್ನೋದು ಆ ನೀರಿಗೇ ಗೊತ್ತು. ಬೆನ್ನಾಗ ಸೂಜಿ ಹಾಕಿ ಸ್ವಲ್ಪ ತಗದು ನೋಡಬೇಕು" ಎಂದರು.

ಅತ್ತೆ ಮಂಚಕ್ಕೆ ಅಡ್ಡ ನಿಂತರು. "ಬೆನ್ನಿನ ನೀರು ತೆಗೆದರೆ ಕಾಲು ಹೋಗ್ತದಂತಲ್ಲ ಡಾಕ್ಟ್ರೇ. ನಮ್ಮ ಚಾಳಿನಲ್ಲಿ ಎಲ್ಲರೂ ಹೇಳ್ತಾರೆ."

"ಯಾರ ಕಾಲು ಹೋದದ್ದು ನೋಡೀರಿ?"

"ನೋಡಿದ್ದಿಲ್ಲ. ಕೇಳಿದ್ದು."

"ಹಂಗಾದ್ರ ಈಗ ನೋಡ್ರಿ" ಎಂದು ಅವರು ನಳದ ಕಡೆ ತಂಬಿಗೆ ಹಿಡಿದು ಹೊರಟಿದ್ದ ಒಬ್ಬ ಹೆಂಗಸನ್ನು ಕರೆದರು. "ಹೋದ ವಾರ ಇವರ ನೀರು ತಗದೀವಿ."

ಅತ್ತೆ ಆಕೆಯನ್ನು ಮೇಲಿನಿಂದ ಕೆಳಗೆ ನೋಡಿದರು. ಮಾತು ಬಾರದಿದ್ದರೂ ಕೈಸನ್ನೆ ಮಾಡಿ ಕಿಟಕಿಯವರೆಗೆ ನಡೆಸಿದರು. ಅಲ್ಲಿಂದ ವಾಪಸು. ಇನ್ನೊಮ್ಮೆ ತಿರುಗು ಎಂದರು. ಆಕೆ ಏನೊಂದೂ ಅರ್ಥವಾಗದೆ ನಗುತ್ತ ನಡೆದಳು. ಅಷ್ಟು ತಲೆನೋವಿನಲ್ಲೂ ನನಗೆ ನೆನಪಾಯಿತು: ನನ್ನನ್ನು ನೋಡಲು ಬಂದ ದಿನ ಉಡುಪಿಯ ನಮ್ಮ ಜಗಲಿಯಲ್ಲಿ ಅತ್ತೆ ನನ್ನನ್ನೂ ಹೀಗೆಯೇ ನಡೆಸಿದ್ದರು. ಅಂದು ನಾನೂ ಪಾಸಾಗಿದ್ದೆ.

"ನಡಿಗೆಗೇನೂ ಊನ ಇಲ್ಲ" ಎಂದು ತೀರ್ಪು ಕೊಟ್ಟು ಅತ್ತೆ ಪಕ್ಕಕ್ಕೆ ಸರಿದರು. "ತೆಗೀರಿ."

ಡಾಕ್ಟರು ಹೇಳಿದರು, "ಗ್ವಾಡಿ ಕಡೆ ಮಾರಿ ಮಾಡ್ರಿ ಅಕ್ಕ. ಮೊಣಕಾಲು ಹೊಟ್ಟಿಗೆ ಹಚ್ಚಿ, ಹೊಟ್ಯಾಗಿನ ಕೂಸಿನ ಹಂಗ ಮುದುಡಿ ಮಲಕೋರಿ." ನಾನು ಗೋಡೆಗೆ ಮುಖ ಮಾಡಿ ಮುದುಡಿದೆ. "ಭಾಳ ಛಲೋ. ಮಂದಿಗೆ ಹೇಳಿ ಹೇಳಿ ಸಾಕಾಗ್ತದ, ನೀವು ಎಷ್ಟು ಚಂದ ಮಡಚಿಕೊಂಡ್ರಿ" ಎಂದರು. ಟ್ರಂಕಿಗೂ ಅರೆಯುವ ಕಲ್ಲಿಗೂ ನಡುವೆ ಮಗುವನ್ನು ಮಗ್ಗುಲಲ್ಲಿಟ್ಟುಕೊಂಡು ಮಲಗುವ ಚಾಳಿನ ಹೆಂಗಸಿಗೆ ಇದಕ್ಕಿಂತ ಬೇರೆ ಮಲಗುವ ರೀತಿ ಗೊತ್ತೇ ಇರಲಿಲ್ಲ. ಮಲಗಿದ್ದಕ್ಕೆ ಯಾರಾದರೂ ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಸ್ಪಿರಿಟ್ಟಿನ ತಂಪು, ಇರುವೆ ಕಚ್ಚಿದಂತೊಂದು ಚುಚ್ಚು, ಆಮೇಲೆ ಯಾರೋ ಬೆನ್ನಿನ ಮೂಳೆಗಳ ನಡುವೆ ಬಾಗಿಲು ಹುಡುಕಿದ ಹಾಗೆ ಒಂದು ಒತ್ತಡ. ನಾನು ಮುಖ್ಯಪ್ರಾಣನ, ನಮ್ಮ ಹನುಮಂತನ, ಹೆಸರು ಹೇಳುತ್ತಲೇ ಇದ್ದೆ. "ಆತು" ಎಂದರು. ನಾನು ಹೆದರಿದ್ದಕ್ಕೆ ಹೋಲಿಸಿದರೆ ನೋವು ಏನೇನೂ ಅಲ್ಲ. ಇದನ್ನು ಬರೆದಿಡುತ್ತಿರುವುದು, ನಿಮ್ಮಲ್ಲಿ ಯಾರಿಗಾದರೂ ಅಂಥ ಹೊತ್ತು ಬಂದರೆ ಚಾಳಿನವರ ಮಾತು ಕೇಳಿ ಹೆದರದಿರಲಿ ಎಂದು.

ಡಾಕ್ಟರು ಗಾಜಿನ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಮ್ಮ ಯಜಮಾನರಿಗೆ ತೋರಿಸಿದರು. ಎಳನೀರಿಗಿಂತ ತಿಳಿ. ಕೀವಿನ ಹಾಗೆ ಕದಡಿದ್ದರೆ ಒಂದು ಬಗೆಯ ಕೆಟ್ಟ ರೋಗ, ಅದಲ್ಲ. ಆದರೆ ತಿಳಿಯಾಗಿದ್ದ ಮಾತ್ರಕ್ಕೆ ಟಿಬಿ ಅಲ್ಲ ಎನ್ನುವ ಹಾಗಿಲ್ಲ. ನೀರಿನಲ್ಲಿರುವ ಸಕ್ಕರೆ ನೋಡಬೇಕು, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮತ್ತೆ ಒಂದು ನಳಿಗೆಯನ್ನು ಅಲುಗಿಸದೆ ಬೆಳಗಿನವರೆಗೆ ನಿಲ್ಲಿಸಿಡುತ್ತೇವೆ ಎಂದರು. "ಟಿಬಿ ಇದ್ರ ಬಹಳ ಸಲ ಅದರಾಗ ಜೇಡರ ಬಲಿ ಹಂಗ ತೆಳ್ಳಗ ಒಂದು ಎಳಿ ಹೆಪ್ಪುಗಟ್ಟತದ. ಕಟ್ಟಲಿಲ್ಲಂದ್ರ ಅಷ್ಟು ಧೈರ್ಯ."

ಹೆಪ್ಪು ಎಂಬ ಮಾತು ಕೇಳಿ ನಾನು ಅತ್ತೆಯ ಮುಖ ನೋಡಿದೆ. ಅವರು ನಳಿಗೆಯನ್ನೇ ನೋಡುತ್ತಿದ್ದರು.

ದಿಂಬಿಲ್ಲದೆ ಚಪ್ಪಟೆ ಮಲಗಿರಬೇಕೆಂದು ಅಪ್ಪಣೆಯಾಯಿತು. ಮದುವೆಯಾದ ಮೇಲೆ ಹಗಲು ಹೊತ್ತು ನೆಲಕ್ಕೆ ಬೆನ್ನು ಹಚ್ಚಿದವಳಲ್ಲ ನಾನು. ಮೇಲೆ ಫ್ಯಾನು ತಿರುಗುತ್ತಿತ್ತು, ಹೊರಗೆ ಟ್ರಾಮಿನ ಗಂಟೆ. ಕೈಗೆ ಕೆಲಸವಿಲ್ಲದೆ ಪ್ರಾರ್ಥನೆ ಮಾಡೋಣವೆಂದರೆ ಅದೂ ತೊಡಕಾಯಿತು. ಹಾಲು ಉಕ್ಕಲಿ, ಮಗು ನಡೆಯಲಿ, ಇವರಿಗೆ ಒಳ್ಳೆಯದಾಗಲಿ, ಮೊಸರು ಗಟ್ಟಿಯಾಗಲಿ, ಹೀಗೆ "ಆಗಲಿ" ಎಂದೇ ಬೇಡಿ ರೂಢಿ. ಏನೋ ಒಂದು ಆಗದಿರಲಿ ಎಂದು ಬೇಡುವುದು ಹೇಗೆ? ಅಲ್ಲೆಲ್ಲೋ ಒಂದು ಮೇಜಿನ ಮೇಲೆ ನನ್ನೊಳಗಿನ ನೀರು ಒಂಟಿಯಾಗಿ ನಿಂತಿದೆ. ಅದು ನೀರಾಗಿಯೇ ಇರಲಿ ಸ್ವಾಮಿ ಎಂದೆ. ಅಷ್ಟೇ ನನಗೆ ಬಂದದ್ದು.

ಬೆಳಿಗ್ಗೆ ಡಾಕ್ಟರು ರೌಂಡಿಗೆ ಮೊದಲೇ ಬಂದರು. ಕೈಯಲ್ಲಿ ನಳಿಗೆ. ನನ್ನ ಕಣ್ಣೆದುರು ಹಿಡಿದು ಮೆಲ್ಲನೆ ಓರೆ ಮಾಡಿದರು. ನೀರು ಆ ಬದಿಗೆ ಹರಿಯಿತು, ಈ ಬದಿಗೆ ಬಂತು.

"ಏನೂ ಕಟ್ಟಿಲ್ಲ. ಸಕ್ಕರಿನೂ ಎಷ್ಟಿರಬೇಕೋ ಅಷ್ಟದ. ಟಿಬಿ ಇರಲಿಕ್ಕಿಲ್ಲ. ಆದ್ರೂ ನಾಕು ದಿನ ನೋಡೂಣು."

ನೋಡುವ ಕೆಲಸವೇ ಉಳಿಯಲಿಲ್ಲ. ಮಾರನೆಯ ದಿನ ನನ್ನ ಒಂದು ಕೆನ್ನೆ ಊದಿತು, ಸಂಜೆಗೆ ಇನ್ನೊಂದು. ಮಂಗನಬಾವು. ನಮ್ಮ ಮಹಡಿಯ ಮಕ್ಕಳಿಗೆಲ್ಲ ಬಂದಿತ್ತು. ಗಂಜಿ ಕೊಡಲು ಹೋದಾಗ ನಾನೂ ತಂದುಕೊಂಡಿದ್ದೆ. ಅದು ಒಮ್ಮೊಮ್ಮೆ ಮಿದುಳಿನ ಪೊರೆಗೂ ತಾಗುತ್ತದಂತೆ, ಹೆಚ್ಚಾಗಿ ತಾನಾಗಿಯೇ ಇಳಿಯುತ್ತದಂತೆ. "ರೋಗ ತಾನ ಬಂದು ಹೆಸರು ಹೇಳಿ ಹೋತು" ಎಂದು ಡಾಕ್ಟರು ನಕ್ಕರು. ಯಜಮಾನರು ನನ್ನ ಮುಖ ನೋಡಿ, "ಮುಖ್ಯಪ್ರಾಣನನ್ನು ಅಷ್ಟು ಕರೆದೆಯಲ್ಲ, ಸ್ವಲ್ಪ ತನ್ನ ಮುಖ ಕೊಟ್ಟು ಹೋಗಿದ್ದಾನೆ" ಎಂದರು. ನಗಲು ಹೋದರೆ ದವಡೆ ನೋಯುತ್ತಿತ್ತು. ಅಂಥ ಸುಖದ ನೋವು ನಾನು ಮತ್ತೆ ಕಂಡಿಲ್ಲ.

ಊತ ಇಳಿದು ಮನೆಗೆ ಬಂದ ದಿನ ಮಗ ಸುಶೀಲಾಬಾಯಿಯ ಸೊಂಟದಿಂದ ಇಳಿದು ಓಡಿ ಬಂದು ಬಳೆ ಹಿಡಿದುಕೊಂಡ. ಅತ್ತೆ ಸಾರು ಅನ್ನ ಬಡಿಸಿದರು. ಕೊನೆಗೆ ಮಜ್ಜಿಗೆಗೆಂದು ಅನ್ನ ಉಳಿಸಿಕೊಂಡು ಕಾದೆ. ಅವರು ಎದ್ದು ಒಲೆಯ ಹತ್ತಿರ ಏನೋ ಹುಡುಕತೊಡಗಿದರು.

"ಮಜ್ಜಿಗೆ ಇಲ್ಲ. ಹಾಲು ಹಾಕಿಕೊಂಡು ಉಣ್ಣು."

ನಮ್ಮ ಮನೆಯಲ್ಲಿ ಮಜ್ಜಿಗೆ ಇಲ್ಲ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಇವರ ಕಡೆ ನೋಡಿದೆ. ಇವರು ಕೈತೊಳೆಯುವ ನೆಪದಲ್ಲಿ ಬಾಗಿಲ ಹೊರಗಿನ ಗ್ಯಾಲರಿಗೆ ಕರೆದು ಹೇಳಿದರು. ಬೆನ್ನಿನ ನೀರು ತೆಗೆದ ಸಂಜೆ ಆಸ್ಪತ್ರೆಯಿಂದ ಬಂದ ಅತ್ತೆ ಹಾಲು ಕಾಯಿಸಿದರಂತೆ, ಆರಿಸಿದರಂತೆ. ಹೆಪ್ಪಿನ ಬಟ್ಟಲನ್ನು ಕೈಗೆತ್ತಿಕೊಂಡವರು ಹಾಗೆಯೇ ನಿಂತರಂತೆ. ಆಮೇಲೆ ಅದನ್ನು ಮೋರಿಯಲ್ಲಿ ತೊಳೆದು ಬೋರಲು ಹಾಕಿದರಂತೆ. ಇವರು ಕೇಳಿದ್ದಕ್ಕೆ, "ಇವತ್ತು ಈ ಮನೆಯಲ್ಲಿ ಏನೂ ಹೆಪ್ಪುಗಟ್ಟುವುದು ಬೇಡ" ಎಂದರಂತೆ.

ಹಡಗಿನಲ್ಲಿ ಬಂದ ಹೆಪ್ಪು. ಅತ್ತೆ ತಮ್ಮ ಗಂಡ ತೀರಿಹೋದ ದಿನವೂ ಯಾರ ಕೈಯಿಂದಲೋ ಹಾಕಿಸಿ ಉಳಿಸಿಕೊಂಡದ್ದು.

ನಾನು ಒಳಗೆ ಬಂದು ಏನಾದರೂ ಹೇಳುವ ಮೊದಲೇ ಅತ್ತೆ ಬಟ್ಟಲು ಹಿಡಿದು ಸುಶೀಲಾಬಾಯಿಯ ಬಾಗಿಲಿಗೆ ಹೋಗಿಯಾಗಿತ್ತು. "ಆಜೀ, ವಿರ್ಜಣ ಪಾಹಿಜೇ ಕಾ?" ಎಂದು ಅವಳು ಕೇಳಿದ್ದು, ಹೆಪ್ಪು ಬೇಕಾ ಎಂದು, ನನಗೂ ಕೇಳಿಸಿತು. ಅವಳ ದನಿಯಲ್ಲಿದ್ದ ಆಶ್ಚರ್ಯವೂ ಕೇಳಿಸಿತು. ಅತ್ತೆ ಬಟ್ಟಲು ತುಂಬಿಸಿಕೊಂಡು ಬಂದರು. ನೀರು ಪ್ರೋಕ್ಷಿಸಲಿಲ್ಲ.

"ಎಂಥ ನೋಡ್ತೀ? ಅವಳಿಗೆ ಮೊದಲು ಕೊಟ್ಟವಳು ನಾನೇ ಅಲ್ಲವಾ. ನಮ್ಮ ಹೆಣ್ಣು ಅವಳ ಮನೆಯಲ್ಲಿ ನಾಲ್ಕು ದಿನ ಇದ್ದು ತವರಿಗೆ ಬಂತು, ಅಷ್ಟೆ."

ಮಡಿಗೆ ಹೀಗೂ ಒಂದು ದಾರಿ ಇದೆಯೆಂದು ನಾನು ಆಗ ಕಲಿತೆ. ಆ ಹೆಣ್ಣಿನ ಸಂತತಿಯೇ ಮನೆ ಬದಲಾಯಿಸುತ್ತ ಮುಲುಂಡಿನವರೆಗೆ ಬಂದಿದೆ.

ನನಗೊಂದು ಅಭ್ಯಾಸವಿದೆ. ಸಂಜೆ ದೀಪಕ್ಕೆ ಹೂಬತ್ತಿ ಹೊಸೆಯುವಾಗ ಒಂದೊಂದು ಬತ್ತಿಗೆ ದೇವರ ಒಂದೊಂದು ಉಪಕಾರ ನೆನೆಯುತ್ತೇನೆ. ಧಾರವಾಡದ ಡಾಕ್ಟರಿಗೊಂದು, ನಡೆದು ತೋರಿಸಿದ ಆ ಹೆಂಗಸಿಗೊಂದು, ಹರಿದ ನೀರಿಗೊಂದು, ಊದಿದ ಕೆನ್ನೆಗೊಂದು. ಇಷ್ಟು ವರ್ಷ ಈ ಲೆಕ್ಕ ಸರಿಯಾಗಿದೆ ಎಂದೇ ತಿಳಿದಿದ್ದೆ. ಅತ್ತೆ ಹೆಪ್ಪು ಚೆಲ್ಲಿದ್ದನ್ನು ಮುದುಕಿಯ ಮೂಢನಂಬಿಕೆ ಎಂದು ನಗುತ್ತ ಹೇಳಿಕೊಂಡು ಬಂದೆನೇ ಹೊರತು ಆ ಲೆಕ್ಕಕ್ಕೆ ಸೇರಿಸಿರಲೇ ಇಲ್ಲ.

"ಅಮ್ಮ, ಇದನ್ನು ಫೆಂಕ್ ಮಾಡ್ಲಾ?" ಎಂದಳು ಸೊಸೆ, ಪಾತ್ರೆ ಎತ್ತಿಕೊಂಡು.

"ಚೆಲ್ಲಬೇಡ ಮಗಾ. ಎರಡು ಲೋಟ ತಾ, ಸಕ್ಕರೆ ಡಬ್ಬಿ ತಾ. ಕೂತುಕೋ."

ಆಗದ ಮೊಸರಿಗೆ ಸಕ್ಕರೆ ಬೆರೆಸಿ ಇಬ್ಬರೂ ಕುಡಿದೆವು. ಅವಳು ಕೇಳಿದಳು, ನಾನು ಹೇಳಿದೆ, ಈಗ ನಿಮಗೆ ಹೇಳಿದ ಹಾಗೆಯೇ. ಕೇಳಿ ಮುಗಿಸಿ ಅವಳು ಹೆಪ್ಪಿಗೆಂದು ಎದುರುಮನೆಗೆ ಬಟ್ಟಲು ಹಿಡಿದು ಹೋದಳು. ನಾನು ಹತ್ತಿಯ ಡಬ್ಬಿ ಎಳೆದುಕೊಂಡು, ಸಂಜೆಯವರೆಗೆ ಕಾಯದೆ, ಒಂದು ಬತ್ತಿ ಹೆಚ್ಚು ಹೊಸೆದೆ. ಮಂಡಿ ಊರಿ ದೇವರ ಮುಂದೆ ಇಟ್ಟೆ. ತಲೆ ನೆಲಕ್ಕೆ ಸಲೀಸಾಗಿ ಬಗ್ಗಿತು.