ಕತ್ತಲೆಯ ಕೋಣೆ ಕಾಯುವ ಗೋದುಬಾಯಿ

ದಾಂಡೇಲಿಯಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ಮೌಳಂಗಿ ಕಡೆಯ ಪುಟ್ಟ ಪ್ರಯೋಗಾಲಯದಲ್ಲಿ ಗೋದುಬಾಯಿ ಒಂದು ಕೋಣೆ ಹೊಕ್ಕು, ಬಾಗಿಲು ಮುಚ್ಚಿ, ದೀಪ ಆರಿಸಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಬಿಸಿಲೇರಿದಂತೆ ಗೋಡೆಯ ಬಿರುಕಿನಲ್ಲಿ ಸೂಜಿಮೊನೆಯಷ್ಟು ಬೆಳಕು ಇಣುಕಿದರೂ ಸಾಕು, ಎದ್ದು ಕರಿ ಅರಿವೆ ತುರುಕುತ್ತಾರೆ. ಇದೂ ಒಂದು ಕೆಲಸವೇ ಎನ್ನಬೇಡಿ. ತೊಂಬತ್ತೆಂಟರ ದಸರೆಯನ್ನು ಇವರು ಇನ್ನೂ ಮರೆತಿಲ್ಲ.

ಊರು ಮುಂಡಗೋಡದ ಮಳಗಿ. ಬಿದಿರು ಹೊರುತ್ತಿದ್ದ ಗಂಡ ಶೇಖಪ್ಪನ ಸೊಂಟ ಬಿದ್ದ ಮೇಲೆ ಒಲೆ ಉರಿಯುವುದು ಇವರ ದುಡಿಮೆಯಿಂದಲೇ. ಗಾಜಿನ ಸಾಮಾನು ತೊಳೆಯಲೆಂದು ಇಲ್ಲಿಗೆ ಸೇರಿದವರು.

ಇಲ್ಲಿನ ಸಂಶೋಧಕಿ ಮಧುಮತಿ, ಜೋಯಿಡಾ ಕಾಡಿನ ಕೊಳೆತ ಮರದ ಅಣಬೆಯಿಂದ ಒಂದು ಕಿಣ್ವ ತೆಗೆದಿದ್ದಾರೆ. ಮರವನ್ನು ಕರಗಿಸುವ ಅದರ ಬಾಯಿ ಎಲ್ಲಿದೆ ಎಂದು ತಿಳಿದರೆ, ಕಾಗದ ಬಿಳುಪಾಗಿಸಲು ಕ್ಲೋರಿನ್ ಸುರಿಯುವುದು ಕಡಿಮೆಯಾದೀತು. ಹುಡುಕಲು ಒಂದು ರಾಸಾಯನಿಕವಿದೆ. ಗೋದುಬಾಯಿಗೆ ಅದು ‘ಔಷಧ’.

“ಕತ್ತಲದಾಗ ಅದು ಆ ಬಾಯಾಗ ಹೋಗಿ ಸುಮ್ನ ಕುಂದರತೈತ್ರಿ. ನೇರಳೆ ದೀಪ ಹಚ್ಚಿದ್ವಿ ಅಂದ್ರ ಗಟ್ಟಿ ಕಚ್ಚಿಕೊಂತೈತಿ, ಜಪ್ಪಯ್ಯ ಅಂದ್ರೂ ಬಿಡೂದಿಲ್ಲ. ಎಲ್ಲಿ ಕಚ್ಚೇತಿ ನೋಡಿದ್ರ ಬಾಯಿ ಸಿಕ್ತು. ಆದ್ರ ಕಿಣ್ವ ಕೂಡಸೂಕಿಂತ ಮೊದಲ ಬೆಳಕು ಬಿತ್ತೋ, ಔಷಧ ಹಾಳು. ಈಗ ಹೇಳ್ತೇನ್ರಿ, ಆವಾಗ ಯಾರಿಗೆ ಗೊತ್ತಿತ್ತು?”

ಅಂದು ಆಯುಧಪೂಜೆ. ಮಧುಮತಿ ಕತ್ತಲೆಯ ಕೋಣೆಯಲ್ಲಿ, ಇನ್ನೂ ಕಿಣ್ವ ಬೆರೆಸದ ಔಷಧದ ನಳಿಕೆಗಳನ್ನು ಆರಿದ ನೇರಳೆ ದೀಪದ ಕೆಳಗೆ ಜೋಡಿಸಿ, ಬೀಗ ಹಾಕಿ, ಮಂಜುಗಡ್ಡೆ ತರಲು ಪೇಟೆಗೆ ಹೋಗಿದ್ದಾರೆ. ಉಳಿದ ಯಂತ್ರಗಳಿಗೆಲ್ಲ ಪೂಜೆಯಾಗಿದೆ, ಪಾಪ, ಈ ದೀಪವೊಂದು ಏನು ತಪ್ಪು ಮಾಡಿತು? ಗೋದುಬಾಯಿ ಕಾವಲುಗಾರ ಪರಸಪ್ಪನಿಂದ ಬಾಗಿಲು ತೆಗೆಸಿ, ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕುತ್ತಾರೆ. ಪೂಜೆಯಾದ ಯಂತ್ರವನ್ನು ಒಮ್ಮೆ ಚಾಲೂ ಮಾಡಲೇಬೇಕು. ಊರಿನ ಕಾಗದದ ಮಿಲ್ಲಿನವರ ರೂಢಿ ಅದು. ಗುಂಡಿ ಒತ್ತಿ, ಕೈಮುಗಿದು, ಪ್ರಸಾದ ಹಂಚಲು ಹೊರಡುತ್ತಾರೆ.

ಮರಳಿ ಬಂದ ಮಧುಮತಿಗೆ ಬಾಗಿಲಲ್ಲೇ ಕಾಣುವುದು ಉರಿಯುತ್ತಿರುವ ದೀಪ. ವರ್ಷಗಟ್ಟಲೆ ಕಾದು ಪರದೇಶದಿಂದ ತರಿಸಿದ ಔಷಧ. ಅಯ್ಯಯ್ಯೋ, ಒಂದು ಹನಿಯೂ ಉಳಿದಿಲ್ಲ!

“ಪರಸಪ್ಪಾ, ಕೀಲಿ ನಿನ್ನ ಕಡೆ ಇತ್ತು. ನಾಳಿಂದ ಬರಬ್ಯಾಡ.”

ಪರಸಪ್ಪ ತಲೆ ತಗ್ಗಿಸುತ್ತಾನೆ, ಗೋದುಬಾಯಿಯ ಹೆಸರು ಹೇಳುವುದಿಲ್ಲ. ಪ್ರಸಾದ ಹಂಚಿ ಬಂದ ಗೋದುಬಾಯಿ ಇದನ್ನು ಕೇಳಿಸಿಕೊಳ್ಳುತ್ತಾರೆ. ಬಾಯಿ ಮುಚ್ಚಿಕೊಂಡಿದ್ದರೆ ತಮ್ಮ ಕೆಲಸ ಉಳಿಯುತ್ತದೆ, ಅವನದು ಹೋಗುತ್ತದೆ.

“ಅಂವಲ್ರೀ ಬಾಯಾರ, ದೀಪ ಹಚ್ಚಿದಾಕಿ ನಾನ.”

ಮಧುಮತಿ ಹೊರಟುಬಿಡುತ್ತಾರೆ. ಮರುದಿನ ಗೋದುಬಾಯಿ ಬಂದದ್ದು ಹೋಗಿಬರುತ್ತೇನೆ ಎಂದು ಹೇಳಲಿಕ್ಕೆ. ಮಧುಮತಿ ಅವರ ಅಂಗೈಯಲ್ಲಿ ಆ ಕೋಣೆಯ ಕೀಲಿ ಇಡುತ್ತಾರೆ.

“ಪರಸಪ್ಪಗ ಬರಾಕ ಹೇಳೇನಿ. ಈ ಖೋಲಿ ಯಾಕ ಕತ್ತಲಿರಬೇಕು ಅಂತ ನಾ ಯಾರಿಗೂ ಹೇಳಿದ್ದಿಲ್ಲ, ತಪ್ಪು ನಂದೂ ಐತಿ. ಈಗ ಕೂಡ್ರಿ, ಹೇಳ್ತೇನಿ. ಇನ್ನ ಇದನ್ನ ನೀವ ಕಾಯ್ರಿ.”

“ಬೈದಿದ್ರ ತಡಕೊಂತಿದ್ನಿ. ಕೀಲಿ ಕೊಟ್ರಲ್ರೀ, ಎದಿ ಝಲ್ಲಂತು. ಅಷ್ಟು ಹಾಳ ಮಾಡಿದಾಕಿಗೆ ಯಾರರ ಕೀಲಿ ಕೊಡ್ತಾರೇನ್ರಿ?” ಎಂದು ಗೋದುಬಾಯಿ ಈಗಲೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಮತ್ತೆ ಕಾದು ತರಿಸಿದ ಹೊಸ ಔಷಧ ಈಗ ಬಂದಿದೆ. ದಸರೆಯೂ ಹತ್ತಿರವಿದೆ. ಈ ಸಲ ಪೂಜೆ ಹೇಗೆ?

“ಹಾರ ಬಾಗಿಲ ಹೊರಗ ಹಾಕಿ ಅಲ್ಲಿಂದನ ಕೈಮುಗಿತೇನ್ರಿ. ಸಾಕ್ಷಾತ್ ಊರ ದೇವರು ದಾಂಡೇಲಪ್ಪ ಬಂದ್ರೂ ಅಷ್ಟ, ‘ಯಪ್ಪಾ, ಸ್ವಲ್ಪ ಹೊರಗ ನಿಂದ್ರು’ ಅಂತೇನಿ.”