ರಾಗಿ ಸುಟ್ಟ ದಿನ

ಹೆಬ್ಬಾಳದ ಕೃಷಿ ಪ್ರಯೋಗಾಲಯದಲ್ಲಿ ನಾನು ತೋಟಗಾರ. ರಾಗಿಗೆ ಬೇರೆ ಗಿಡದ ಗುಣ ಸೇರಿಸಿ ಬಾಟಲಿಯಲ್ಲಿ ಸಸಿ ಮಾಡಿದ್ದರು. ಕುಂಡಕ್ಕಿಳಿಸಿ ನೀರೆರೆದು ಸಾಕಿದವನು ನಾನು. ತೆನೆ ತುಂಬಿ ಬಾಗಿದ ದಿನ ವಿಜ್ಞಾನಿ ಶಬಾನಾ ಮೇಡಂ ಬಂದರು.

"ನಮಗೆ ಬೇಕಾದ ಬೀಜ ಸಿಕ್ತು ಅಣ್ಣ. ಉಳಿದಿದ್ದೆಲ್ಲಾ ಸುಟ್ಬಿಡಿ."

"ಅನ್ನ ಸುಡೋದಾ ಮೇಡಂ? ದೇವರ ಮುಂದಿಡೋಕೆ ಒಂದು ತೆನೆನಾದ್ರೂ ಕೊಡಿ."

"ನಂಗೂ ಹೊಟ್ಟೆ ಉರಿಯುತ್ತೆ. ಆದ್ರೆ ಇನ್ನೂ ಪರೀಕ್ಷೆ ಆಗ್ದಿರೋ ಇದು ಹೊಲದ ರಾಗಿ ಜೊತೆ ಬೆರೆತ್ರೆ ಬೇರೆ ಮಾಡೋರ್ ಯಾರು? ಒಂದು ಕಾಳೂ ಹೊರಗೆ ಹೋಗಂಗಿಲ್ಲ. ಪ್ಯಾಂಟಿನ ಮಡಿಕೆನೂ ಒದರಿ."

ಒದರಿದೆ. ಉದುರಿದ ಕಾಳುಗಳನ್ನು ಆಯ್ದು, ಕಣ್ಣಿಗೊತ್ತಿಕೊಂಡು, ಬೆಂಕಿಗೆ ಹಾಕಿದೆ. ಮೇಡಂ ಅತ್ತ ತಿರುಗಿ ನಿಂತಿದ್ದರು.

ಸಂಜೆ ಹೆಂಡತಿ ನನ್ನ ಅಂಗಿ ಮೂಸಿ, "ಏನ್ರೀ ಈ ಹೊಗೆ?" ಅಂದಳು.

"ಹೋಮ" ಅಂದೆ.

"ಮತ್ತೆ ಪ್ರಸಾದ?"

ಆ ಹೋಮದ ಪ್ರಸಾದವನ್ನು ಹೊರಗೆ ತರುವಂತಿಲ್ಲ.