ಇಂಜಿನ್ ಬಂದ್ ಮಾಡದ ಜಿನ್ನಪ್ಪ ಕಾಕಾ

ಜಿನ್ನಪ್ಪ ಕಾಕಾ ಬರುವ ಮೊದಲು ಅವರ ಬೈಕಿನ ಸದ್ದು ಬರುತ್ತಿತ್ತು. ಬಂದ ಮೇಲೂ ಅದು ನಿಲ್ಲುತ್ತಿರಲಿಲ್ಲ. ಒಂದು ಕಾಲು ನೆಲಕ್ಕೆ ಊರಿ, ಇಂಜಿನ್ ಬಂದ್ ಮಾಡದೆ, ಆ ಗುಡುಗುಡಿನ ಮೇಲೆಯೇ ಮಾತು. ಚಹಾ ಕೂಡ ಬೈಕಿನ ಮೇಲೆಯೇ. "ಪೆಟ್ರೋಲ್ ಪುಕ್ಕಟೆ ಬರ್ತೈತೇನ್ರಿ ಕಾಕಾ?" ಎಂದರೆ, "ಬಂದ್ ಮಾಡಿದ್ರ ನೀ ಮನಿ ಸುದ್ದಿ ತಗೀತಿ. ಲಗೂನ ಹೇಳ್ಬೇ, ಅಥಣಿಗೆ ಹೋಗೂದೈತಿ" ಎನ್ನುತ್ತಿದ್ದರು.

ನಿಪ್ಪಾಣಿಯಿಂದ ಕಾಗವಾಡದವರೆಗೆ ಅವರು ಸಸಿ ಬೆಳೆಸುವ ಪ್ಲಾಸ್ಟಿಕ್ ಟ್ರೇ ಮಾರುತ್ತಿದ್ದರು. ಯಾವ ಊರಲ್ಲಿ ಯಾರು ಹೊಸದಾಗಿ ಏನು ಶುರು ಮಾಡುತ್ತಿದ್ದಾರೆಂಬುದು ಅವರವರ ಮನೆಯವರಿಗಿಂತ ಮೊದಲು ಕಾಕಾಗೆ ಗೊತ್ತಾಗುತ್ತಿತ್ತು. ನಾನು ಶಿರಗುಪ್ಪಿಯಲ್ಲಿ ಕಬ್ಬಿನ ನರ್ಸರಿ ಹಾಕಿದೆ. ಕಬ್ಬು ಕಡಿದು ನೆಲಕ್ಕೆ ಹೂಳುವ ಬದಲು, ಒಂದೊಂದೇ ಕಣ್ಣನ್ನು ಟ್ರೇಯಲ್ಲಿ ಮೊಳೆಸಿ, ಆ ಸಸಿಗಳನ್ನು (ನಮ್ಮ ಕಡೆ ಮಾತಿನಲ್ಲಿ 'ಅಗಿ') ಮಾರುವ ಧಂದೆ. ಟ್ರೇ ದರಕ್ಕೆ ಕಾಕಾ ಜೊತೆ ಜಗ್ಗಾಡಿದೆ. "ದರಾ ಆಮ್ಯಾಲ ಜಗ್ಗು. ಹಿಂದ ಹತ್ತು" ಎಂದು ಕೂರಿಸಿಕೊಂಡು ಹೋಗಿ ನಿಲ್ಲಿಸಿದ್ದು ಉಗಾರ ಖುರ್ದದಲ್ಲಿ, ನನ್ನ ಎದುರಾಳಿ ಮಹಾವೀರನ ನರ್ಸರಿ ಮುಂದೆ.

"ಮಹಾವೀರ, ಇಕಿ ನಿನ್ನ ಗಿರಾಕಿ ಕಸ್ಕೊಳ್ಳಾಕ ಬಂದಾಳ. ನೀರ ಹೆಂಗ ಬಿಡೂದು ಕಲಿಸು."

"ಕಾಕಾ, ನನ್ನ ಹೊಟ್ಟಿ ಮ್ಯಾಲ ಹೊಡ್ಯಾಕ ನೀವಽ ಮಂದಿ ಕರ್ಕೊಂಡ ಬರ್ತೀರೇನ್ರಿ?"

"ಹೊಟ್ಟಿ ನಾಳೆ ನೋಡೂಣು. ಇವತ್ತ ಕಲಿಸು."

ಇದರಲ್ಲಿ ಕಾಕಾರ ಲಾಭವೂ ಇತ್ತು: ನರ್ಸರಿ ಹೆಚ್ಚಾದರೆ ಟ್ರೇ ಹೆಚ್ಚು. ಅದನ್ನವರು ಮುಚ್ಚಿಡುತ್ತಿರಲಿಲ್ಲ. ಲಾಭವಿಲ್ಲದೆ ಓಡಾಡುವವರನ್ನು ನಾನಂತೂ ನಂಬುವುದಿಲ್ಲ.

ಮೊದಲ ಹಂಗಾಮಿನಲ್ಲೇ ರಾಯಬಾಗದ ರೈತರೊಬ್ಬರಿಗೆ ಸಸಿ ಕೊಡಬೇಕಾದ ವಾರ, ನೀರು ಹೆಚ್ಚಾಗಿ ಟ್ರೇಗಳಲ್ಲಿ ಬೇರು ಕೊಳೆತವು. ಅವರು ಹೊಲ ಹದ ಮಾಡಿ, ಸಾಲು ಬಿಟ್ಟು ಕಾಯುತ್ತಿದ್ದರು. ಇಲ್ಲವೆಂದರೆ ನನ್ನ ಹೆಸರು ಅಲ್ಲಿಗೇ ಮುಗಿಯಿತು. ನಿಂತಲ್ಲಿ ನಿಲ್ಲಲಾಗದೆ ಅತ್ತಿಂದಿತ್ತ ಓಡಾಡುತ್ತಿದ್ದೆ. ಹೊರಗೆ ಗುಡುಗುಡು ಕೇಳಿಸಿತು.

"ಮಹಾವೀರಗ ಹೇಳಬ್ಯಾಡ್ರಿ ಕಾಕಾ. ನಗ್ತಾನ."

"ನಗ್ಲಿ. ನಕ್ಕ ಮ್ಯಾಲ ಅಗಿ ಕೊಡ್ತಾನ. ಹತ್ತು."

ನಕ್ಕ. ಉಗಾರಕ್ಕೆಲ್ಲ ಕೇಳುವಂತೆ ನಕ್ಕ. "ನೀರ ಬಿಡು ಅಂದ್ರ ಕೃಷ್ಣಾ ಹೊಳೀನಽ ತಂದ ಬಿಟ್ಟೀಯಲ್ಲವಾ!" ಅಗಿ ಕೊಡಲು ಮಾತ್ರ ಹಿಂದೆಮುಂದೆ ನೋಡಿದ. ಕಾಕಾ ಇಂಜಿನ್ ಸದ್ದಿನ ಮೇಲೆ ಕೂಗಿದರು: "ಲೇ, ಇಕಿ ಕೊಡ್ಲಿಲ್ಲಂದ್ರ ಆ ರೈತ ನಿನ್ನ ಹತ್ರ ಬರ್ತಾನಂತ ತಿಳ್ಕೊಂಡಿಯೇನು? ಅಗಿ ಹಚ್ಚೂದಽ ಮೋಸ ಅಂತಾನ. ಊರಿಗೆಲ್ಲಾ ಹೇಳ್ತಾನ. ಎಲ್ಲಾರೂ ಮತ್ತ ಕಬ್ಬ ಕಡದು ಹೂಳ್ತಾರ. ಆಗ ನಿನ್ನ ಟ್ರೇದಾಗ ಏನ್ ಕೊತಂಬ್ರಿ ಬೆಳೀತಿ?"

ಮಹಾವೀರ ತನ್ನ ಟೆಂಪೊದಲ್ಲೇ, ನನ್ನ ಹೆಸರಿನಲ್ಲಿ, ಸಸಿ ಕಳಿಸಿದ. ದರದಲ್ಲಿ ಮಾತ್ರ ಪೈಸೆ ಬಿಡಲಿಲ್ಲ, ನಾನೂ ಜಗ್ಗಾಡುವುದು ಬಿಡಲಿಲ್ಲ.

ಹೊಸ ಧಂದೆಗೆ ಇಳಿಯುವವರಿಗೆ ನಾನು ಹೇಳುವುದಿಷ್ಟೇ: ಜಾಗ ನೋಡುವ ಮೊದಲು ಎದುರಾಳಿಯನ್ನು ನೋಡಿ ಬನ್ನಿ. ಚಹಾ ಅವನೇ ಕುಡಿಸಲಿ. ಸಾಲ, ಸಬ್ಸಿಡಿ, ತರಬೇತಿ ಎಲ್ಲ ಆಮೇಲೆ.

ಕಡೆಯ ಸಲ ಕಾಕಾ ಬಂದಾಗ ಹಿಂದಿನ ಸೀಟಿನಲ್ಲಿದ್ದರು. ಕಣ್ಣು ಮಂಜಾಗಿ, ಮಕ್ಕಳು ಬೈಕಿನ ಕೀಲಿ ಕಸಿದುಕೊಂಡಿದ್ದರಂತೆ. ತನ್ನ ಗಾಡಿಯಲ್ಲಿ ಕೂರಿಸಿಕೊಂಡು ಓಡಿಸುತ್ತಿದ್ದವಳು ರೇಣುಕಾ, ಚಿಂಚಲಿಯಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು. ಅಂಗಳಕ್ಕೆ ಬಂದವಳೇ ಮರ್ಯಾದೆಗೆಂದು ಇಂಜಿನ್ ಬಂದ್ ಮಾಡಿದಳು.

"ಯಾಕ ಬಂದ್ ಮಾಡ್ದೀ ಬೇ? ಇನ್ನ ರಾಯಬಾಗಕ್ಕ ಹೋಗೂದೈತಿ!" ಕಾಕಾ ಸಿಡಿದರು. ಆಮೇಲೆ, ನಾನು ನಿಂತ ಜಾಗಕ್ಕಿಂತ ತುಸು ಆಚೆ ಮುಖ ಮಾಡಿ, "ಶೋಭಾ, ಇಕಿ ನಿನ್ನ ಗಿರಾಕಿ ಕಸ್ಕೊಳ್ಳಾಕ ಬಂದಾಳ. ಕಲಿಸು" ಎಂದರು.

"ಇಕಿ ನನ್ನ ರಸ್ತಾದಾಗಽ ನರ್ಸರಿ ಹಾಕಬೇಕೇನ್ರಿ ಕಾಕಾ? ಊರಾಗ ಬ್ಯಾರೆ ಜಾಗಾ ಇಲ್ಲೇನು?"

"ಲಗೂನ ಹೂಂ ಅನ್ನು. ಹೊತ್ತಾತು."

ಹೂಂ ಅಂದೆ. ಆ ಮಳೆಗಾಲ ಮುಗಿಯುವುದರೊಳಗೆ ಕಾಕಾ ತೀರಿಕೊಂಡರು.

ಈ ಹಂಗಾಮಿಗೆ ನನ್ನ ಹಳೆಯ ಗಿರಾಕಿಗಳಲ್ಲಿ ಕೆಲವರು ರೇಣುಕಾಳ ಕಡೆ ಹೋಗಿದ್ದಾರೆ. ಬೈಯುತ್ತಲೇ ಹೋಗಿ ಅವಳಿಗೆ ನೀರು ಬಿಡುವುದು ಕಲಿಸುತ್ತಿದ್ದೇನೆ. ಟ್ರೇಗಳ ಮುಂದೆ ಕೂತಿರುವಾಗ ಹೊರಗೆ ಬೈಕೊಂದು ಬಂದು ನಿಲ್ಲುತ್ತದೆ. ಇಬ್ಬರೂ ಕತ್ತೆತ್ತಿ ಆಲಿಸುತ್ತೇವೆ. ಇಂಜಿನ್ ಬಂದ್ ಆಗುತ್ತದೆ.

ಯಾರೋ ಗಿರಾಕಿ.